ಕಾಳಿನ ಕೋಣೆಯ ನೊಣಗಳು

ರೊಟ್ಟಿ ತಟ್ಟುತ್ತಿದ್ದ ತ್ರಿಶಲಾಳ ಕೈ ಅರ್ಧಕ್ಕೇ ನಿಂತಿತು. ಕಾಳಿನ ಕೋಣೆಯ ಬಾಗಿಲ ಕೆಳಗೆ ನಿನ್ನೆ ಕಂಡಿದ್ದ ಬೆಳಕಿನ ಗೆರೆ ಇರಲಿಲ್ಲ. ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಕದ ತೆರೆದಳು. ಕಿಟಕಿಯಿಲ್ಲದ ಕೋಣೆ, ಒಳಗೆಲ್ಲ ಕತ್ತಲು. ಕರೆಂಟು ಹೋಗಿರಲಿಲ್ಲ. ಟ್ಯೂಬ್‌ಲೈಟಿನ ಬಟನ್ ಯಾರೋ ಆರಿಸಿದ್ದರು.

ಅವಳು ದೀಪ ಹಾಕಿದಳು. ಜೋಳದ ಚೀಲದ ಪಕ್ಕದ ಮೇಜಿನ ಮೇಲೆ ಮೈದುನ ಶ್ರೇಣಿಕನ ಬಾಟಲಿಗಳಿದ್ದವು. ಅವನು ಚಿಕ್ಕೋಡಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಹಣ್ಣಿನ ನೊಣಗಳನ್ನು ಎಂಟು ವರ್ಷದಿಂದ ಒಂದು ಗಳಿಗೆಯೂ ಆರದ ಬೆಳಕಿನಲ್ಲಿ ಸಾಕಿದ್ದ. ಅವುಗಳ ಅಜ್ಜ ಮುತ್ತಜ್ಜಂದಿರೂ ಇರುಳು ಕಂಡವರಲ್ಲ. ಕಾಲೇಜಿನ ವೈರಿಂಗ್ ರಿಪೇರಿಯೆಂದು, ನಾಲ್ಕು ಟ್ರೇಗಳಲ್ಲಿ ಒಂದನ್ನು ಇನ್ವರ್ಟರ್ ಇದ್ದ ಈ ಮನೆಯಲ್ಲಿಟ್ಟು, ಉಳಿದ ಮೂರನ್ನು ಕಾಯಲು ಗೆಳೆಯನ ಮನೆಗೆ ಹೋಗಿದ್ದ.

"ಸನ್ಮತೀ."

ಎಂಟು ವರ್ಷದ ಮಗಳು ಹಲ್ಲುಜ್ಜುತ್ತಲೇ ಬಂದು ಚೌಕಟ್ಟಿಗೆ ಅಂಟಿ ನಿಂತಳು.

"ನೀ ಆರ್ಸಿದೇನ?"

"ಹೊತ್ತ ಮುಳುಗಿದ್ರೂ ಉಣ್ಣಾಕತ್ತಿದ್ದೂ ಅವ್ವಾ. ಅವುಕ್ಕ ಪಾಪ ಹತ್ತೂದಿಲ್ಲಾ?"

ತ್ರಿಶಲಾಗೆ ಬೈಯಲು ಬಾಯಿ ಬರಲಿಲ್ಲ. ಸೂರ್ಯ ಇಳಿದ ಮೇಲೆ ಜೈನರ ಈ ಮನೆಯಲ್ಲಿ ಯಾರೂ ತುತ್ತು ಎತ್ತುವುದಿಲ್ಲ; ಅನ್ನದಲ್ಲಿ ಕಾಣದ ಹುಳ ಬಿದ್ದೀತೆಂದು ಮಗಳಿಗೆ ಹೇಳಿಕೊಟ್ಟವಳೇ ಅವಳು. ನಿನ್ನೆ ಶ್ರೇಣಿಕ "ಏನರ ಕೇಳೂದೈತೇನ ಪುಟ್ಟಿ?" ಅಂದಾಗ ಹುಡುಗಿ ತಲೆಯಲ್ಲಾಡಿಸಿ ಸುಮ್ಮನಾಗಿದ್ದಳು. ಶಾಲೆಯಲ್ಲೂ ಹಾಗೇ. ಕೇಳಬೇಕಾದ್ದನ್ನೆಲ್ಲ ನುಂಗಿಕೊಂಡು, ತನಗೆ ತೋಚಿದ್ದನ್ನು ಮಾಡಿಬಿಡುವ ಜಾತಿ.

ಅಂಗಳದಲ್ಲಿ ಮೋಟರ್‌ಸೈಕಲ್ ನಿಂತಿತು.

"ವೈನಿ, ಚಹಾ ಇಡ್ರಿ," ಅನ್ನುತ್ತ ಬಂದ ಶ್ರೇಣಿಕ ಇಬ್ಬರ ಮುಖ ನೋಡಿದ.

"ರಾತ್ರಿ ದೀಪ ಆರೇತಿ ಶ್ರೇಣಿಕ. ನನ್ನ ಕೈಲೇ ತಪ್ಪಾತು," ಅಂದಳು ತ್ರಿಶಲಾ.

ಅವನು ಜೋಳದ ಚೀಲದ ಮೇಲೆ ಕುಸಿದು ಕೂತ. "ಎಂಟ ವರ್ಷ, ವೈನಿ. ದೀಪಾವಳಿಗೂ ಊರಿಗೆ ಹೋಗದ ಕಾಯ್ದೇನಿ."

ಸೆರಗಿನ ಹಿಂದಿನಿಂದ ಸಣ್ಣ ದನಿ ಬಂತು. "ಅವ್ವ ಅಲ್ಲ ಕಾಕಾ. ನಾ ಆರ್ಸಿದ್ನಿ. ಹೊತ್ತ ಮುಳುಗಿತ್ತು, ಅದಕ್ಕ."

ಶ್ರೇಣಿಕ ಅವಳ ಕಡೆ ತಿರುಗಿದ. "ನನ್ನ ನೊಣಕ್ಕೂ ವ್ರತಾ ಹಚ್ಚಿದೀ ಅನ್ನು," ಅಂದ. ನಗು ತುಟಿಯಲ್ಲಷ್ಟೇ ಇತ್ತು. "ಈ ಟ್ರೇ ಹೋತು. ಇನ್ನ ಮೂರ ಉಳದೂ."

ಚೆಲ್ಲಲೆಂದು ಒಂದು ಬಾಟಲಿ ಎತ್ತಿದವನು ಬೆಳಕಿಗೆ ಹಿಡಿದು ಹಾಗೇ ನಿಂತ. ಗಾಜಿಗಂಟಿದ ಎಳ್ಳಿನಂಥ ಕೋಶಗಳಲ್ಲಿ ಬಹಳಷ್ಟು ಒಡೆದು ಬರಿದಾಗಿದ್ದವು. ರೆಕ್ಕೆ ಇನ್ನೂ ಬಿಚ್ಚದ, ಹಾಲುಬಣ್ಣದ ಮರಿನೊಣಗಳು ಗೋಡೆ ತುಂಬ ಹತ್ತುತ್ತಿದ್ದವು. ಎರಡನೆಯ ಬಾಟಲಿಯಲ್ಲೂ ಹಾಗೇ. ಮೂರನೆಯದರಲ್ಲೂ.

"ದಿನಾ ಹಗಲು ರಾತ್ರಿ ಅನ್ನದs ಒಂದೊಂದ ಹೊರಬೀಳತಿದ್ದೂ," ಅವನ ದನಿ ಇಳಿದಿತ್ತು. "ಇವತ್ತ ಎಲ್ಲಾ ಕೂಡೇ ಬಂದಾವ, ಹೊರಗಿನ ನೊಣ ಮುಂಜಾನಿ ಬಂದಂಗ. ವೈನಿ, ದೀಪ ಹಾಕಿ ಎಷ್ಟೊತ್ತಾತು?"

"ಈಗ ಹಾಕೀನಿ. ಹಾಕಿದಾಗs ಗಾಜಿನ ತುಂಬ ಹರದಾಡಾಕತ್ತಿದ್ದೂ."

ಶ್ರೇಣಿಕ ಕಿಸೆಯಿಂದ ಪೆನ್ನು ತೆಗೆದ. ಹಾಳೆ ಸಿಗದೆ ಅಂಗೈಯ ಮೇಲೆ ಗಂಟೆ ಬರೆದುಕೊಂಡ. ಆಮೇಲೆ ಮಂಡಿಯೂರಿ ಬಾಟಲಿಯನ್ನು ಸನ್ಮತಿಯ ಕಣ್ಣಿನ ಎತ್ತರಕ್ಕೆ ಹಿಡಿದ. ಒಲೆಯ ಮೇಲೆ ರೊಟ್ಟಿ ಸೀಯುವ ವಾಸನೆ ಬರುತ್ತಿತ್ತು. ತ್ರಿಶಲಾ ಕದಲಲಿಲ್ಲ.

ಹುಡುಗಿ ಗಾಜಿಗೆ ಮೂಗು ತಾಗಿಸಿದಳು. ಒಮ್ಮೆ ಬಾಯಿ ತೆರೆದು ಮುಚ್ಚಿದಳು. ತಾಯಿ ಅವಳ ಬೆನ್ನ ಮೇಲೆ ಕೈಯಿಟ್ಟಳು.

"ಕಾಕಾ, ಒಳಗ ಕತ್ತಲs ಇತ್ತು. ಇವು ಹಿಂದ ಎಂದೂ ಮುಂಜಾನಿ ಕಂಡಿಲ್ಲ. ಮುಂಜಾನಿ ಆತಂತ ಇವುಕ್ಕ ಯಾರ ಹೇಳಿದ್ರು?"