ಕಣ ಕಾಯುವ ಕಾದಂಬರಿಕಾರ

ನರಸಿಂಹರಾಜಪುರದ ಕಡೆಯ ವೃಷಭೇಂದ್ರಪ್ಪನವರು ಎರಡು ಕಥಾಸಂಕಲನಗಳ ಲೇಖಕರು. ಎರಡನ್ನೂ ಬರೆದದ್ದು ಮನೆಯ ಕಣದ ಅಂಚಿನಲ್ಲಿ ಕೂತು, ಒಣಗಲು ಹರವಿದ ಕಾಫಿಯನ್ನು ದನ ತುಳಿಯದಂತೆ ಕಾಯುತ್ತ. ಒಂದು ಪ್ಯಾರಾ ಬರೆಯುವುದು, ಎದ್ದು ಕಾಫಿ ಕೈಯಾಡಿಸುವುದು, ಮತ್ತೊಂದು ಪ್ಯಾರಾ. ವಿಮರ್ಶಕರೊಬ್ಬರು ಅವರ ಗದ್ಯದಲ್ಲಿ ‘ವಿಶಿಷ್ಟ ಉಸಿರಾಟದ ಲಯ’ ಕಂಡಿದ್ದರು. ಅದು ದನ ಅಟ್ಟಿ ಬಂದ ಏದುಸಿರು ಎಂದು ಹೇಳುವ ಧೈರ್ಯ ಇವರಿಗಾಗಲಿಲ್ಲ.

ಕಾದಂಬರಿಗೆ ಏಕಾಂತ ಬೇಕು ಎಂದು ವರ್ಷಗಟ್ಟಲೆ ಗೊಣಗಿದ ಮೇಲೆ, ೨೦೦೬ರ ಜನವರಿಯಲ್ಲಿ ಅದೂ ಸಿಕ್ಕಿತು. ಬಸರೀಕಟ್ಟೆ ಹತ್ತಿರದ ಬಂಗಲೆಯೊಂದರಲ್ಲಿ ಸಾಹಿತ್ಯ ಟ್ರಸ್ಟೊಂದರವರು ಲೇಖಕರನ್ನು ತಿಂಗಳ ಮಟ್ಟಿಗೆ ಇರಿಸಿಕೊಂಡು ಊಟ ಹಾಕುತ್ತಿದ್ದರು. ಕಡೆಯ ಸಂಜೆ ಹೊಸ ಅಧ್ಯಾಯವೊಂದನ್ನು ಎಲ್ಲರೆದುರು ಓದಬೇಕು, ಅಷ್ಟೇ ಷರತ್ತು.

“ಅಲ್ಲಾದ್ರೂ ಬರೀತೀರೋ, ಗುಡ್ಡ ನೋಡ್ಕಂಡು ಕೂತಿರ್ತೀರೋ?” ಎಂದಿದ್ದರು ಹೆಂಡತಿ ದಾಕ್ಷಾಯಣಮ್ಮ.

ಗುಡ್ಡವನ್ನೇ ನೋಡಿದರು. ಯಾರೂ ಕರೆಯುವುದಿಲ್ಲ, ಯಾರೂ ಬೈಯುವುದಿಲ್ಲ; ಪೆನ್ನು ಏಳಲೇ ಇಲ್ಲ. ಕಡೆಯ ದಿನ ಬೆಳಿಗ್ಗೆ ಬಿಳಿ ಹಾಳೆ ಹಿಡಿದು ಬಂಗಲೆಯ ಪಕ್ಕದ ಮನೆಯ ಸಣ್ಣಕ್ಕನ ಅಂಗಳಕ್ಕೆ ಹೋದರು.

“ಸಣ್ಣಕ್ಕ, ಇವತ್ತು ನಿಮ್ಮ ಕಣ ನಾನು ಕಾಯ್ಲಾ?”

“ಎಂತ ಮಾರಾಯ್ರೇ, ಬಂಗ್ಲೇಲಿ ಊಟ ಹಾಕ್ತಿಲ್ವ?”

ಕಷ್ಟ ಹೇಳಿಕೊಂಡರು. ಆಕೆ ನಕ್ಕು, “ಕೂತ್ಕಳಿ ಹಂಗಾದ್ರೆ. ನಂಗೂ ಜಯಪುರಕ್ಕೆ ಹೋಗೋದಿತ್ತು. ಮೋಡ ಕಂಡ್ರೆ ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿ” ಎಂದು ಬಸ್ಸಿಗೆ ಹೋದಳು.

ದನ ಬಂತು, ಅಟ್ಟಿದರು, ಬರೆದರು. ಕೋಳಿ ಕೆದಕಿತು, ಓಡಿಸಿದರು, ಮತ್ತೂ ಬರೆದರು. ಅಧ್ಯಾಯ ಮುಗಿಯುವ ಹೊತ್ತಿಗೆ ಹಾಳೆಯ ಮೇಲೆ ಹನಿಯೊಂದು ಬಿತ್ತು. ಈ ವಾಕ್ಯ ಮುಗಿಸಿ ಏಳೋಣ ಎಂದುಕೊಂಡರು. ಅವರ ವಾಕ್ಯಗಳು ಉದ್ದ. ಸಣ್ಣಕ್ಕ ಮರಳಿದಾಗ ಕಾಫಿ ನೀರಿನಲ್ಲಿತ್ತು, ಲೇಖಕರು ಹಾಳೆಗಳನ್ನು ಅವುಚಿಕೊಂಡು ಟಾರ್ಪಾಲಿನಡಿ ಇದ್ದರು.

ಸಂಜೆ ಓದಿದರು. ಚಪ್ಪಾಳೆ ಬಿತ್ತು. ಬಾಗಿಲ ಬಳಿ ನಿಂತಿದ್ದ ಸಣ್ಣಕ್ಕ ಕೇಳಿದಳು:

“ಮಳೆ ಬರುವಾಗ ಬರ್ದಿದ್ದು ಯಾವ್ದು?”

ಕಡೆಯ ವಾಕ್ಯವನ್ನು ಮತ್ತೆ ಓದಿ ಹೇಳಿದರು.

“ಇಷ್ಟಕ್ಕಾ!” ಎಂದಳು. “ನಾಳೆ ಊರಿಗೆ ಹೋಗೋದು ಬೇಡ. ಒಣಗೋ ತನಕ ಕೈಯಾಡಿಸಿ ಹೋಗಿ. ಎಷ್ಟು ದಿನ ಬೇಕಾಗ್ತದೆ, ನೀವೇ ಹೇಳಿ.”

ನಾಲ್ಕು ಬಿಸಿಲು ಕಂಡರೆ ಸಾಕೆಂದು ವೃಷಭೇಂದ್ರಪ್ಪನವರಿಗೆ ಗೊತ್ತಿತ್ತು. ತಪ್ಪಿತಸ್ಥರಂತೆ ತಲೆ ತಗ್ಗಿಸಿ, “ಹದಿನೈದು ದಿನವಾದ್ರೂ ಬೇಕು ಸಣ್ಣಕ್ಕ” ಎಂದರು.