ಅದೇ ನಲವತ್ತು ಜನ

"ಬಿಪಿ ಎಂಟು ಪಾಯಿಂಟ್ ಇಳಿದಿದೆ ಅಂತೀರಿ. ಆದ್ರೆ ನಿಮ್ಮ ಟೇಬಲ್ಲೇ ಅದನ್ನ ಲೆಕ್ಕಕ್ಕಿಲ್ಲ ಅನ್ನುತ್ತಲ್ಲ?"

ಪರೀಕ್ಷಕ ದೇರಪ್ಪನವರು ಫೈಲಿನ ಆ ಪುಟವನ್ನು ಶರ್ಮಿಳಾಳತ್ತ ತಿರುಗಿಸಿದರು. ಚೆಟ್ಟಳ್ಳಿಯ ಕಾಫಿ ಎಸ್ಟೇಟಿನ ಕೂಲಿಯವರ ಲೈನ್‌ಮನೆಗಳಲ್ಲಿ ಬಿಪಿ ಇದ್ದ ನಲವತ್ತು ಹೆಂಗಸರಿಗೆ ಉಪ್ಪು ಕಡಿಮೆ ಮಾಡಿಸಿ, ಮಾತ್ರೆ ತಪ್ಪದಂತೆ ನೋಡಿಕೊಂಡವಳು ಅವಳು. ಸುಂಟಿಕೊಪ್ಪದ ಬಸ್ಸಿಗೆ ನೇತಾಡಿಕೊಂಡು ತಿರುಗಿದ ಆ ಆರು ತಿಂಗಳು ಈಗ ನೀರುಪಾಲಾಗುವುದರಲ್ಲಿತ್ತು. ಇವರು ಒಪ್ಪದಿದ್ದರೆ ಸಂಶೋಧನೆ ಮೊದಲಿನಿಂದ ಶುರು. ಟೇಬಲ್ ಮಾತ್ರ ಅವಳದ್ದಲ್ಲ. ಅಂಕಿ ಕಂಡರೆ ಕೈಕಾಲು ತಣ್ಣಗಾಗುವ ನರ್ಸಿಂಗ್ ಪಿಎಚ್.ಡಿ.ಯವರೆಲ್ಲ ಮಾಡುವಂತೆ, ಅವಳೂ ಅದನ್ನು ದುಡ್ಡಿಗೆ ಲೆಕ್ಕ ಮಾಡಿಕೊಡುವ ಕಂಪ್ಯೂಟರ್ ಸೆಂಟರಿನ ಧರ್ಮೇಶನಿಗೆ ಒಪ್ಪಿಸಿದ್ದಳು. ರೋಗಿಯ ಮುಖವನ್ನೇ ಕಾಣದವನಿಗೆ ರೋಗಿಯ ಲೆಕ್ಕ ಕೊಡುವುದು ದೊಡ್ಡ ಬುದ್ಧಿವಂತಿಕೆಯೇನಲ್ಲ.

ದೇರಪ್ಪ ಫೈಲು ಮುಚ್ಚಿದರು. ಶರ್ಮಿಳಾ ತನ್ನ ಪ್ರತಿಯಲ್ಲಿದ್ದ ಟೇಬಲ್ಲಿನ ತಲೆಬರಹ ನೋಡಿದಳು. ಮೊದಲ ಗುಂಪು, ಎರಡನೆಯ ಗುಂಪು. ಯಾವ ಎರಡು ಗುಂಪು? ಇದ್ದದ್ದು ಒಂದೇ! ಅದೇ ಹೆಂಗಸರ ಮೊದಲಿನ ಅಂಕಿಯನ್ನೂ ಈಗಿನ ಅಂಕಿಯನ್ನೂ ಧರ್ಮೇಶ ಬೇರೆ ಬೇರೆ ಜನರದ್ದೆಂದು ಲೆಕ್ಕ ಹಾಕಿದ್ದ. ತೋಳಿಗೆ ಬಿಪಿ ಪಟ್ಟಿ ಸುತ್ತಿದಾಗಲೆಲ್ಲ ಕಾಫಿ ಕೊಯ್ಯುವ ಯಮುನ ಹೇಳುತ್ತಿದ್ದ ಮಾತು ನೆನಪಾಯಿತು: "ನಂದು ಹೋದ್ಸಲ ಎಷ್ಟಿತ್ತು, ಈಗೆಷ್ಟೈತೆ, ಅಷ್ಟೇಳಿ ಮೇಡಂ. ಬೇರೆಯೋರ್ದು ಕಟ್ಕಂಡು ನಂಗೇನಾಗ್ಬೇಕು?"

ಶರ್ಮಿಳಾ ಅರ್ಧ ಗಂಟೆ ಸಮಯ ಕೇಳಿದಳು. ಚೀಲದಿಂದ ರಿಜಿಸ್ಟರ್ ತೆಗೆದು, ಒಬ್ಬೊಬ್ಬಳ ಮೊದಲಿನ ಅಂಕಿಯಿಂದ ಅವಳದ್ದೇ ಈಗಿನ ಅಂಕಿಯನ್ನು ಕಳೆಯುತ್ತ ಹೋದಳು. ಮೊದಲ ಐದು ಹೆಸರಿಗೆ ಎರಡೆರಡು ಸಲ ಕಳೆದು ನೋಡಿದಳು, ಆಮೇಲೆ ಒಂದೇ ಸಲ. ಒಬ್ಬಳದ್ದು ನೂರಾ ಮೂವತ್ತು, ಇನ್ನೊಬ್ಬಳದ್ದು ನೂರಾ ತೊಂಬತ್ತು ಇರುವಲ್ಲಿ ಗುಂಪಿಗೆ ಗುಂಪು ಹೋಲಿಸಿದರೆ ಎಂಟು ಪಾಯಿಂಟ್ ಎಲ್ಲಿ ಕಂಡೀತು? ಅವರನ್ನು ಅವರಿಗೇ ಹೋಲಿಸಿದಾಗ ಮೂವತ್ತೊಂದು ಜನರ ಬಿಪಿ ಇಳಿದಿತ್ತು. ಒಬ್ಬರದೇ ಎರಡು ಅಂಕಿ ಹೋಲಿಸಲು ಸಂಖ್ಯಾಶಾಸ್ತ್ರದ ಪುಸ್ತಕದಲ್ಲಿದ್ದ ಸೂತ್ರವನ್ನು ತಾನೇ ಬೋರ್ಡಿನ ಮೇಲೆ ಬರೆದು, ಫೋನಿನಲ್ಲಿ ಗುಣಿಸಿ ಭಾಗಿಸಿದಳು. ಉತ್ತರ ಎರಡು ದಾಟಿದರೆ ಇಳಿಕೆ ಆಕಸ್ಮಿಕವಲ್ಲ, ಗೆದ್ದ ಹಾಗೆ. ಅದು ನಾಲ್ಕೂವರೆ ದಾಟಿತು. ಅವಳಿಗೆ ಅಲ್ಲೇ ಜೋರಾಗಿ ನಗಬೇಕೆನಿಸಿತು.

ದೇರಪ್ಪ ಎದ್ದು ಬಂದು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ನೋಡಿದರು. ಎಲ್ಲೂ ತಪ್ಪು ಸಿಗಲಿಲ್ಲ. ಮುಂದಿನ ಅಧ್ಯಾಯದ ಲೆಕ್ಕ ಯಾರಿಂದ ಮಾಡಿಸುತ್ತೀರಿ ಎಂದು ಕೇಳಿದರು.

"ನಾನೇ ಮಾಡ್ತೀನಿ ಸರ್. ಇನ್ಮೇಲೆ ಯಾರ್ಗೂ ಕೊಡಲ್ಲ."

ಅವರು ಬಾಗಿಲು ತೆರೆದು, ತಮ್ಮ ಸರದಿಗೆ ಕಾದಿದ್ದ ನಾಲ್ವರು ಸಂಶೋಧಕಿಯರನ್ನು ಒಳಗೆ ಕರೆದರು. ಬೋರ್ಡ್ ಒರೆಸಲು ಹೋದ ಶರ್ಮಿಳಾಳನ್ನು ತಡೆದರು. ಆಮೇಲೆ ತಾವೂ ಮುಂದಿನ ಬೆಂಚಿನಲ್ಲಿ ಕುಳಿತು, ಪೆನ್ನಿನ ಮುಚ್ಚಳ ತೆಗೆದು, ಆ ಲೆಕ್ಕವನ್ನು ಎಲ್ಲರಿಗೂ ಮೊದಲಿನಿಂದ ಹೇಳುವಂತೆ ಅವಳಿಗೆ ಸನ್ನೆ ಮಾಡಿದರು.