ಗೋಡೆಯಾಚೆಯ ನೀರು

"ನೋಡು ಕಿಟ್ಟಮ್ಮ, ಇದು ನಿನ್ನ ಕಸದ ಗುಡ್ಡೆ ಮಾಲಲ್ಲ. ತಾಜಾ ಸರಕು" ಎನ್ನುತ್ತಾ ಭಾವ ಜೇಬಿನಿಂದ ಒಂದು ಕಲ್ಲು ತೆಗೆದು ತಿಂಡಿ ತಟ್ಟೆಗಳ ನಡುವೆ ಇಟ್ಟರು.

ಕಿಟ್ಟಮ್ಮ ಅವಳ ಹೆಸರಲ್ಲ. ಅದಿರನ್ನು ಕರಗಿಸುವಾಗ ಕುಲುಮೆಯಿಂದ ಹರಿದುಬಂದು ಹೆಪ್ಪುಗಟ್ಟುವ ಕಪ್ಪು ಕಸಕ್ಕೆ ಕಿಟ್ಟ ಎನ್ನುತ್ತಾರೆ. ಊರ ಹಿಂದಿನ ಗುಡ್ಡದ ಇಳಿಜಾರಿನಲ್ಲಿ, ಯಾವುದೋ ಕಾಲದ ತಾಮ್ರದ ಕೆಲಸದವರು ಸುರಿದುಹೋದ ಅಂಥ ಕಿಟ್ಟ ರಾಶಿರಾಶಿಯಾಗಿ ಬಿದ್ದಿತ್ತು. ಅದನ್ನು ಆರಿಸಿ, ಕೊಯ್ದು, ಉಜ್ಜಿ, ಸೂಕ್ಷ್ಮದರ್ಶಕದಡಿ ಇಟ್ಟು, ಆ ಜನ ಅದಿರನ್ನು ಎಲ್ಲಿಂದ ತಂದರು, ಹೇಗೆ ಕರಗಿಸಿದರು ಎಂದು ಹುಡುಕುವುದು ಅವಳ ಸಂಶೋಧನೆ. ಅದಕ್ಕಾಗಿಯೇ ಬಂದು ಅಕ್ಕನ ಮನೆಯಲ್ಲಿ ಉಳಿದಿದ್ದಳು. ಭಾವ ಅದೇ ಗುಡ್ಡದೊಳಗೆ ಹೊಸ ಗಣಿಯ ಸುರಂಗ ಕೊರೆಸುತ್ತಿದ್ದ ಎಂಜಿನಿಯರ್. ನಾದಿನಿಗೆ ಅಡ್ಡಹೆಸರಿಡುವ ಹಕ್ಕು ತಮಗೆ ಹುಟ್ಟಿನಿಂದಲೇ ಬಂದಿದೆ ಎಂದುಕೊಂಡಿದ್ದ ಮನುಷ್ಯ.

ಅವಳು ನಗುತ್ತಲೇ ಕಲ್ಲನ್ನು ಕೈಗೆತ್ತಿಕೊಂಡಳು. ಬಿಳಿ ಬೆಣಚು, ಅದರೊಳಗೆ ಹಿತ್ತಾಳೆ ಬಣ್ಣದ ಅದಿರಿನ ಚುಕ್ಕೆಗಳು. ನಡುವೆ ಒಸಡಿನ ಬಣ್ಣದ ನಸುಗೆಂಪು ಪಟ್ಟಿ. ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಭಾವ, ಇದು ಎಲ್ಲಿ ಸಿಕ್ತು?"

"ಸುರಂಗದ ತುದಿಯಲ್ಲಿ, ನಿನ್ನೆ ಸಂಜೆ. ಇದು ಬರೀ ಅಂಚು. ಇವತ್ತು ಮಧ್ಯಾಹ್ನ ಮದ್ದು ಸಿಡಿಸಿದ್ರೆ ನೇರ ಅದಿರಿನ ಹೊಟ್ಟೆಯೊಳಗೇ ಹೋಗ್ತೀವಿ."

"ಸಿಡಿಸ್ಬೇಡಿ."

ಅಕ್ಕ ಚಹಾ ಬಸಿಯುತ್ತಿದ್ದವಳು ತಿರುಗಿ ನೋಡಿದಳು. ಭಾವನ ಮುಖದ ನಗು ಮಾಸಲಿಲ್ಲ. ಆದರೆ ಕಣ್ಣು ಗಂಭೀರವಾಯಿತು.

ಅವಳು ಒಂದೇ ಉಸಿರಿಗೆ ಹೇಳಿದಳು. ಗುಡ್ಡದ ಮೇಲೆ ಹಳೆಯವರು ತೋಡಿದ ಗುಂಡಿಗಳು ಕೆಲವೇ, ಅವೂ ಆಳವಿಲ್ಲ. ಆ ಗುಂಡಿಗಳ ಅದಿರೆಲ್ಲ ಕರಗಿಸಿದರೂ ರಾಶಿಯ ಒಂದು ಮೂಲೆಗೆ ಸಾಲುವಷ್ಟು ಕಿಟ್ಟ ಬಾರದು. ಅಷ್ಟು ಅದಿರು ಬೇರೆಲ್ಲಿಂದಲೋ ಬಂದಿದೆ. ಎಲ್ಲಿಂದ ಎಂಬುದೇ ಅವಳ ತಲೆ ತಿನ್ನುತ್ತಿದ್ದ ಪ್ರಶ್ನೆ. ಕಿಟ್ಟದಲ್ಲಿ ಅರೆಬೆಂದು ಉಳಿದ ಕಲ್ಲಿನ ಚೂರುಗಳಲ್ಲಿ ಇದೇ ನಸುಗೆಂಪು ಪಟ್ಟಿ ಇತ್ತು. ಮೇಲಿನ ಗುಂಡಿಗಳ ಕಲ್ಲಿನಲ್ಲಿ ಅದು ಇಲ್ಲ.

"ಅಂದ್ರೆ ನೀವು ಹುಡುಕ್ತಿರೋ ಅದಿರನ್ನ ಅವರು ಆಗಲೇ ತೆಗೆದಿದ್ದಾರೆ, ಭಾವ. ಒಳಗೆ ದೊಡ್ಡ ಪೊಳ್ಳಿದೆ. ಬಾಯಿ ಕುಸಿದು ಮುಚ್ಚಿರಬೇಕು, ಅದಕ್ಕೇ ಯಾರಿಗೂ ಕಂಡಿಲ್ಲ. ಇಷ್ಟು ಕಾಲ ಮಳೆನೀರು ಎಲ್ಲಿ ಇಳೀತಿತ್ತು ಹೇಳಿ? ಸಿಡಿಸಿದ್ರೆ ಅಷ್ಟೂ ನಿಮ್ಮ ಆಳುಗಳ ಮೇಲೆ ನುಗ್ಗುತ್ತೆ."

"ಆಯ್ತಾ?" ಎಂದರು ಭಾವ. "ಹೊಸ ಶೆಡ್ಡಿಗೆ ಪಾಯ ತೋಡುವಾಗಲೂ ಹೀಗೇ ಹೇಳಿದ್ದೆ."

ಅದು ನಿಜ. ಶೆಡ್ಡಿನ ಕೆಳಗೆ ಹಳೆಯ ಹೊಂಡವಿದೆ ಎಂದು ಅವಳು ಪಟ್ಟು ಹಿಡಿದಿದ್ದಳು. ಭಾವ ಕೆಲಸ ನಿಲ್ಲಿಸಿ ಅಗೆಸಿದ್ದರು. ಸಿಕ್ಕಿದ್ದು ಗಟ್ಟಿ ಬಂಡೆ. ಮ್ಯಾನೇಜರ್ ಎಲ್ಲರೆದುರು ಅವರ ಬೆವರಿಳಿಸಿದ್ದ. ಆ ಮೇಲೆ ಭಾವ ಒಂದು ದಿನವೂ ಆ ಮಾತೆತ್ತಿರಲಿಲ್ಲ, ಇವತ್ತಿನವರೆಗೆ.

"ಇನ್ನೊಂದು ಸಲ ನನ್ನ ಮರ್ಯಾದೆ ತೆಗೀಬೇಡಮ್ಮ" ಎಂದು ಮೆಲ್ಲಗೆ ಹೇಳಿ, ಚಹಾ ಕುಡಿಯದೆಯೇ ಎದ್ದು ಹೋದರು. ಕಲ್ಲು ಮೇಜಿನ ಮೇಲೆಯೇ ಉಳಿಯಿತು.

ಅವಳು ಹಿತ್ತಲ ಕೋಣೆಗೆ ಓಡಿದಳು. ಕಲ್ಲು ಕೊಯ್ಯುವ ಗರಗಸ, ಸಾಣೆ, ಸೂಕ್ಷ್ಮದರ್ಶಕ ಎಲ್ಲ ಅಲ್ಲೇ ಇದ್ದವು. ಅವಸರದಲ್ಲಿ ಕೊಯ್ದ ಮೊದಲ ತೆಳು ಬಿಲ್ಲೆ ಮುರಿಯಿತು. ಎರಡನೆಯದನ್ನು ಉಜ್ಜಿ ಗಾಜಿನಡಿ ಇಟ್ಟಾಗ ಮನಸ್ಸಿನ ಒಂದು ಮೂಲೆ, ಬೇರೆ ಕಲ್ಲಾಗಿರಲಿ ಎಂದೇ ಬೇಡುತ್ತಿತ್ತು. ಪಟ್ಟಿಯ ಹರಳುಗಳು ಒಂದೇ. ಅದರೊಳಗಿನ ಸೂಜಿಯಂಥ ಕಪ್ಪು ಗೆರೆಗಳೂ ಒಂದೇ. ಕಿಟ್ಟದ ಚೂರನ್ನೂ ಈ ಬಿಲ್ಲೆಯನ್ನೂ ಅದಲುಬದಲು ಮಾಡಿಟ್ಟರೆ ಅವಳಿಗೇ ಗುರುತು ಸಿಗುತ್ತಿರಲಿಲ್ಲ.

ಭಾವನಿಗೆ ಕರೆ ಮಾಡಿದಳು, ಹೋಗಲಿಲ್ಲ. ಅವರು ಸುರಂಗದೊಳಗಿದ್ದರೆ ಕರೆ ಹೋಗುವುದೇ ಇಲ್ಲ.

ಬಾಗಿಲಲ್ಲಿ ಅಕ್ಕ ನಿಂತಿದ್ದಳು. "ಎಷ್ಟು ಖಚಿತ ಕಣೇ?"

"ಕಲ್ಲು ಒಂದೇ ಅನ್ನೋದು ಖಚಿತ. ನೀರು..." ಅವಳು ತಡವರಿಸಿದಳು. "ನೀರು ನಾನು ನೋಡಿಲ್ಲ ಅಕ್ಕ."

ಅಕ್ಕ ಗೋಡೆಯತ್ತ ತಿರುಗಿದಳು. ಮೊಳೆಯಲ್ಲಿ ತೂಗುಹಾಕಿದ್ದ ಕಾರಿನ ಕೀಲಿ ತೆಗೆದಳು. "ಅವರಿಗೆ ಕೋಪ ಬಂದ್ರೆ ಬರಲಿ, ಸಂಜೆ ಇಳಿಯುತ್ತೆ. ಗಾಡಿ ಹತ್ತು."

ಗಣಿಯ ಆಫೀಸಿನಲ್ಲಿ ಮ್ಯಾನೇಜರ್ ಅವಳನ್ನು ಕೂರಲೂ ಹೇಳಲಿಲ್ಲ. "ಮೇಡಂ, ಶೆಡ್ಡಿನ ವಿಷಯ ನಾವು ಮರೆತಿಲ್ಲ" ಎಂದ. ಅಷ್ಟರಲ್ಲಿ ಭಾವ ಮದ್ದಿನ ಪೆಟ್ಟಿಗೆಗಳಿಗೆ ಸಹಿ ಹಾಕಲು ಸುರಂಗದಿಂದ ಹೊರಗೆ ಬಂದರು. ಬಾಗಿಲಲ್ಲಿ ನಾದಿನಿ, ಅವಳ ಹಿಂದೆ ಹೆಂಡತಿ. ಅವರ ಕಿವಿ ಕೆಂಪಾಯಿತು.

ಅವಳು ವಾದ ಮಾಡಲಿಲ್ಲ. ಕಿಟ್ಟದ ಚೂರಿನ ಬಿಲ್ಲೆಯನ್ನೂ ಹೊಸ ಬಿಲ್ಲೆಯನ್ನೂ ಅಂಗೈಯಲ್ಲಿ ಚಾಚಿದಳು. "ಇದರಲ್ಲಿ ನಿಮ್ಮ ಕಲ್ಲು ಯಾವುದು, ಹೇಳಿ ಭಾವ."

ಭಾವ ಕನ್ನಡಕ ಹಣೆಗೇರಿಸಿ ನೋಡಿದರು. ತಿರುಗಿಸಿ ನೋಡಿದರು. ಬೆಳಕಿಗೆ ಹಿಡಿದು ನೋಡಿದರು. ಎಡಗಡೆಯದು ಎಂದರು. ಅದು ಕಿಟ್ಟದ ಚೂರು.

"ಒಂದೇ ಒಂದು ಉದ್ದದ ತೂತು ಕೊರೆಸಿ. ನೀರು ಬರದಿದ್ರೆ ನಾನು ಇವತ್ತೇ ಗಂಟುಮೂಟೆ ಕಟ್ತೀನಿ."

ಮ್ಯಾನೇಜರ್ ಗಡಿಯಾರ ನೋಡಿ, "ನಿಮ್ಮ ಮನೆ ಜಗಳ ಇಲ್ಲಿಗೆ ತರಬೇಡಿ ಸಾರ್. ಕೆಲಸ ನಿಲ್ಸಿದ್ರೆ ಹೊಣೆ ನಿಮ್ಮದು" ಎಂದ.

"ನನ್ನದೇ" ಎಂದರು ಭಾವ. ಅವಳ ಕಡೆ ನೋಡದೆಯೇ ಒಂದು ಹೆಲ್ಮೆಟ್ ಎತ್ತಿ ಅವಳತ್ತ ಚಾಚಿದರು.

ಸುರಂಗದ ತುದಿಯಲ್ಲಿ ಬಂಡೆಯ ಮುಖದ ತುಂಬ ಮದ್ದಿಗಾಗಿ ಕೊರೆದ ತೂತುಗಳು ಜೇನುಹಲ್ಲೆಯಂತೆ ಕಾಣುತ್ತಿದ್ದವು. ಕೆಲಸಗಾರರು ಗೋಡೆಗೊರಗಿ ನಿಂತು, ಯಾರಪ್ಪ ಈಕೆ ಎನ್ನುವಂತೆ ನೋಡಿದರು. ಡ್ರಿಲ್ ಹಿಡಿದವನು ಎಲೆಕೋಸಿನಂಥ ಕಿವಿಗಳ ದಪ್ಪ ಆಳು. ಭಾವ ಹೇಳಿದ ಜಾಗದಲ್ಲಿ ಉದ್ದದ ಸಲಾಕೆ ಹಚ್ಚಿದ. ಕಿವಿಗಡಚಿಕ್ಕುವ ಸದ್ದಿನಲ್ಲಿ ಸಲಾಕೆ ಬಂಡೆಯೊಳಗೆ ಇಳಿಯಿತು. ಅದಕ್ಕೆ ಮತ್ತೊಂದು ಜೋಡಿಸಿದರು. ಮತ್ತೊಂದು. ಕೊನೆಗೆ ಹೊರಗೆಳೆದರೆ ಬರೀ ಬಿಳಿ ಪುಡಿ.

ಯಾರೋ ಹಿಂದೆ ಕಿಸಕ್ಕೆಂದರು. ಆ ನಗು ಅವಳ ಕೆನ್ನೆಗೆ ಬಾರಿಸಿದಂತಾಯಿತು. ಶೆಡ್ಡಿನ ಪಾಯದ ಬಂಡೆ ಕಣ್ಣೆದುರು ಬಂತು. ಹೊರಟುಬಿಡೋಣ ಎನ್ನಿಸಿತು. ಆದರೂ ಕಾಲು ಏಳಲಿಲ್ಲ. ಕಿಟ್ಟದ ರಾಶಿ ಸುಳ್ಳು ಹೇಳಲು ಕಾರಣವೇ ಇಲ್ಲವಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ತಪ್ಪಿದ್ದರೆ ತಾನು ತೋರಿಸಿದ ದಿಕ್ಕು ತಪ್ಪಿರಬೇಕು.

"ಭಾವ, ಅವರು ಇಳಿದದ್ದು ಮೇಲಿನಿಂದ. ಅದಿರು ವಾಲಿದ ಕಡೆಗೇ ವಾಲಿಕೊಂಡು ಬಂದಿರ್ತಾರೆ. ಪೊಳ್ಳು ನೇರ ಮುಂದಿಲ್ಲ, ಬಲಕ್ಕೆ ಮೇಲಿದೆ. ಇನ್ನೊಂದೇ ಒಂದು, ಓರೆಯಾಗಿ."

ಭಾವ ಬಂಡೆಯ ಮೇಲೆ ಸೀಮೆಸುಣ್ಣದಿಂದ ತಾವೇ ಗುರುತು ಹಾಕಿದರು.

ಈ ಸಲ ಎರಡನೇ ಸಲಾಕೆ ಅರ್ಧಕ್ಕೆ ಹೋಗಿತ್ತು. ಡ್ರಿಲ್ಲಿನ ಸದ್ದು ಇದ್ದಕ್ಕಿದ್ದಂತೆ ಬದಲಾಯಿತು. ಸಲಾಕೆ ಬೆಣ್ಣೆಗೆ ಹೊಕ್ಕಂತೆ ಮುಂದೆ ಜಾರಿ, ಮರುಗಳಿಗೆ ಯಾರೋ ಒಳಗಿನಿಂದ ಒದ್ದ ಹಾಗೆ ಹಿಂದಕ್ಕೆ ನುಗ್ಗಿತು. ಡ್ರಿಲ್ಲಿನವನು ಬೆನ್ನಮೇಲೆ ಬಿದ್ದ. ತೂತಿನಿಂದ ಚಿಮ್ಮಿದ ನೀರು ಎದುರಿನ ಗೋಡೆಗೆ ಬಡಿಯಿತು. ಕಪ್ಪು ನೀರು, ಕೊಳೆತ ಮೊಟ್ಟೆಯ ನಾತ.

"ಎಲ್ಲ ಹೊರಗೆ!" ಭಾವ ಕೂಗಿದರು. "ಓಡಿ! ಸಾಮಾನು ಬಿಡಿ!"

ಬೂಟುಗಳ ಸದ್ದು ದೂರವಾಯಿತು. ಬಂಡೆಯೊಳಗೆ ಎಲ್ಲೋ ಹಲ್ಲು ಕಡಿದಂಥ ಕರಕರ ಶಬ್ದ. ಹೀಗೆಯೇ ಬಿಟ್ಟರೆ ನೀರು ತೂತನ್ನು ಕೊರೆದು ಅಗಲ ಮಾಡಿ, ಓಡುತ್ತಿರುವವರು ಸುರಂಗದ ಬಾಯಿ ಮುಟ್ಟುವ ಮೊದಲೇ ಬಂಡೆಯ ಮುಖವನ್ನೇ ಒಡೆಯಬಹುದು. ಡ್ರಿಲ್ಲಿನವನು ಎದ್ದು ಒಂದು ಮರದ ಬೆಣೆ ತಂದ. ನೀರಿನ ಹೊಡೆತಕ್ಕೆ ಅದು ಕೈಯಿಂದ ಹಾರಿತು. ಅವಳು ಎರಡನೇ ಬೆಣೆಯನ್ನು ಎರಡೂ ಕೈಯಲ್ಲಿ ತಬ್ಬಿ, ಭುಜ ಕೊಟ್ಟು ತೂತಿಗೆ ಒತ್ತಿದಳು. ಮೂಗು ಬಾಯಿಗೆಲ್ಲ ನೀರು ನುಗ್ಗಿತು.

"ನೀನೂ ಹೋಗು ಅಂದೆ!"

"ಹೊಡೀರಿ ಭಾವ!"

ಭಾವ ಸುತ್ತಿಗೆ ಬೀಸಿದರು. ಅವಳ ಬೆರಳಿನ ಪಕ್ಕದಲ್ಲೇ ಏಟು ಬಿತ್ತು. ಮತ್ತೆ. ಮತ್ತೆ. ಬೆಣೆ ಒಂದೊಂದೇ ಬೆರಳಗಲ ಒಳಗಿಳಿಯಿತು. ಚಿಮ್ಮುತ್ತಿದ್ದದ್ದು ಸೋರಿಕೆಯಾಯಿತು, ಸೋರಿಕೆ ಜಿನುಗಾಯಿತು. ಮೂವರೂ ಹಿಂದೆ ನೋಡದೆ ಓಡಿದರು. ಬೆಳಕಿಗೆ ಬಂದ ಮೇಲೆ ಭಾವ ತಮ್ಮ ಆಳುಗಳನ್ನು ಒಬ್ಬೊಬ್ಬರನ್ನೇ ಹೆಗಲು ಮುಟ್ಟಿ ಎಣಿಸಿದರು. ಎಲ್ಲರೂ ಇದ್ದರು. ಅಕ್ಕ ಓಡಿಬಂದು, ಯಾರನ್ನು ಮೊದಲು ಬೈಯಬೇಕೆಂದು ತೋಚದೆ, ಇಬ್ಬರ ತೋಳನ್ನೂ ಹಿಡಿದು ಅತ್ತಳು.

ಬೆಣೆ ನಿಂತಿತು. ಮ್ಯಾನೇಜರ್ ಮೊದಲು, ಎಲ್ಲೋ ಸಣ್ಣ ತೊಟ್ಟಿಯಿರಬೇಕು ಎಂದ. ಕವಾಟವಿಟ್ಟ ಪೈಪುಗಳನ್ನು ಕೂರಿಸಿ ನೀರನ್ನು ಸ್ವಲ್ಪ ಸ್ವಲ್ಪವೇ ಬಿಡತೊಡಗಿದರು. ಬೇಸಿಗೆ ಮುಗಿದು ಮಳೆ ಹಿಡಿದರೂ ಆ ಸಣ್ಣ ತೊಟ್ಟಿ ಬತ್ತಲಿಲ್ಲ. ಆಮೇಲೆ ಅವನು ಅದರ ಮಾತನ್ನೇ ಬಿಟ್ಟ.

ಮಳೆ ಕಳೆದ ಮೇಲೆ, ಉಳಿದ ನೀರನ್ನು ಪಂಪಿನಿಂದ ಎತ್ತಿಸಿ, ಗೋಡೆಯಲ್ಲಿ ಕಿಂಡಿ ಮಾಡಿ ಭಾವ ಮತ್ತು ಅವಳು ಒಳಗೆ ಹೋದರು. ದೀಪ ಎತ್ತಿ ನೋಡಿದರು. ಮಡಕೆಯ ಒಳಮೈಯಂತೆ ನುಣುಪಾಗಿ ಬಾಗಿದ ಗೋಡೆಗಳು, ಮಸಿ ಹಿಡಿದ ಸೂರು. ಎಲ್ಲಿಯೂ ಉಳಿಯ ಗೀರಿಲ್ಲ. ಬಂಡೆಗೆ ಬೆಂಕಿಯೊಡ್ಡಿ ಕಾಯಿಸಿ, ನೀರೆರಚಿ, ಬಿರುಕು ಬಿಡಿಸಿ ಕಿತ್ತಿದ್ದರು. ಪೊಳ್ಳಿನ ತಳದಲ್ಲಿ, ನೆಲದಿಂದ ಸೂರಿಗೆ ಬಿಗಿಯಾಗಿ ಒಟ್ಟಿದ ಸೌದೆಯಿತ್ತು. ನೀರಿನಲ್ಲಿ ಕಪ್ಪಾಗಿತ್ತು, ಕೊಳೆತಿರಲಿಲ್ಲ. ಬೆಂಕಿ ಅದನ್ನು ಮುಟ್ಟಿರಲಿಲ್ಲ.

"ಹಚ್ಚೋದಕ್ಕೆ ತಯಾರಿದ್ರು" ಎಂದರು ಭಾವ. "ಏನಾಯ್ತೋ."

"ಮೂಳೆ ಎಲ್ಲೂ ಕಾಣ್ತಿಲ್ಲ" ಎಂದಳು ಅವಳು, ದೀಪವನ್ನು ಮೂಲೆಮೂಲೆಗೂ ಹಿಡಿದು. "ಹೊರಗೆ ಹೋಗಿರ್ಬೇಕು. ಗೊತ್ತಿಲ್ಲ ಭಾವ."

ಭಾವ ಹೆಲ್ಮೆಟ್ ತೆಗೆದು, ಆ ಗೋಡೆಗೆ ಅಂಗೈ ಒತ್ತಿ, ಕಾದಿದೆಯೇನೋ ಎನ್ನುವ ಹಾಗೆ ಸ್ವಲ್ಪ ಹೊತ್ತು ನಿಂತರು. ಮದ್ದಿಲ್ಲದೆ ಇಷ್ಟೊಂದು ಬಂಡೆ ತೆಗೆದವರು ಹೊಗೆಯಲ್ಲಿ ಉಸಿರಾಡಿದ್ದು ಹೇಗೆ ಎಂದು ಕೇಳಿದರು. ಅದೂ ಅವಳಿಗೆ ಗೊತ್ತಿರಲಿಲ್ಲ.

"ಇದನ್ನೆಲ್ಲ ನೋಡೋಕೆ ಎಷ್ಟು ಕಾಲ ಬೇಕು ನಿನಗೆ?"

"ಸೌದೆ ಒಣಗಿದ್ರೆ ಪುಡಿಯಾಗುತ್ತೆ. ಮೊದಲು ಅದನ್ನ ಒದ್ದೆಯಾಗಿಯೇ ಸಾಗಿಸ್ಬೇಕು. ಆಮೇಲೆ... ತುಂಬ ಕಾಲ ಬೇಕು."

"ಸರಿ. ಪಂಪು ನಡೀತಾ ಇರುತ್ತೆ" ಎಂದ ಭಾವ, ಕಿಂಡಿಯತ್ತ ಬಾಗಿ, ಒದ್ದೆ ಗೋಣಿಚೀಲಗಳನ್ನು ತರುವಂತೆ ಹೊರಗಿದ್ದವರಿಗೆ ಕೂಗಿ ಹೇಳಿದರು.